ಒಣಗದ ಸ್ವೆಟರ್

ಅಪ್ಪ ಮನೆ ಬಿಟ್ಟು ಹೋಗುತ್ತಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಅಡುಗೆಮನೆಯ ಗೋಡೆ ಓದಿ. ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ, ಚಹಾ ಆಗಿದೆಯೇ ಎಂದು ಇಣುಕಿದ್ದೆ. ಫ್ರಿಜ್ಜಿನ ಪಕ್ಕದ ಕರಿಹಲಗೆಯ ಮೇಲೆ, ಪ್ರತಿ ಅಕ್ಷರಕ್ಕೂ ಒಂದೊಂದು ನೆರಳು ಕೊಟ್ಟು, ಮದುವೆ ಮಂಟಪದ ಬೋರ್ಡಿನಷ್ಟು ದೊಡ್ಡದಾಗಿ, ಅಂದವಾಗಿ ಬರೆದಿತ್ತು: "ಭಾನುವಾರ ಬೆಳಗಿನ ಬಸ್ಸಿಗೆ ತಮ್ಮನ ಮನೆಗೆ ಹೊರಡುತ್ತಿದ್ದೇನೆ. ಇನ್ನು ಅಲ್ಲೇ ಇರುತ್ತೇನೆ. ಅಲ್ಲಿ ಚಳಿ. ಸ್ವೆಟರ್ ಬೇಕು." ಅದರ ಕೆಳಗೆ ಔಷಧಿ ಚೀಟಿಯಂಥ ಅಕ್ಷರದಲ್ಲಿ ಅಮ್ಮನ ಉತ್ತರ: "ಸ್ವೆಟರ್ ಒಗೆದಿದೆ. ಒಣಗಿಲ್ಲ."

ಬಾಯಿ ತುಂಬ ನೊರೆ ಇಟ್ಟುಕೊಂಡು ಯಾರನ್ನೂ ಬೈಯಲಾಗುವುದಿಲ್ಲ. ನುಂಗಿಯೇಬಿಟ್ಟೆ.

ಈ ಕರಿಹಲಗೆ ನಮ್ಮ ಮನೆಯ ಬಾಯಿ. ಅಪ್ಪ ಅಂಗಡಿ ಬೋರ್ಡು, ಗೋಡೆ ಜಾಹೀರಾತು ಬರೆಯುತ್ತಿದ್ದವರು. ಬೆಳಕಿರುವಷ್ಟು ಹೊತ್ತೂ ಏಣಿಯ ಮೇಲೆ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಹೆಚ್ಚಾಗಿ ರಾತ್ರಿ ಪಾಳಿ. ಒಬ್ಬರು ಚಪ್ಪಲಿ ಬಿಡುವ ಹೊತ್ತಿಗೆ ಇನ್ನೊಬ್ಬರು ಚಪ್ಪಲಿ ಮೆಟ್ಟುತ್ತಿದ್ದರು. ಹಾಗಾಗಿ ಅಪ್ಪ ಗೋಡೆಯ ಮೇಲೆ ಒಂದು ಚೌಕ ಕಪ್ಪು ಬಣ್ಣ ಬಳಿದರು, ಅವರ ಸಂಸಾರ ಅದರ ಮೇಲೆ ನಡೆಯಿತು. "ಮಗುವಿಗೆ ಜ್ವರ ಇಳಿದಿದೆ." "ಮೊಟ್ಟೆ ಬೇಯಿಸಿಟ್ಟಿದೆ." "ಮಳೆ ಬರುತ್ತದಂತೆ, ಏಣಿ ಹತ್ತಬೇಡಿ." ನಾನು ಓದಲು ಕಲಿತದ್ದೂ ಅಲ್ಲೇ. ನಾನು ಮೊದಲು ಓದಿದ ಪದ "ಕಡ್ಡಿಪೆಟ್ಟಿಗೆ." ಮುಗಿದಿದೆ ಎಂದು ಬರೆದಿತ್ತು.

ಇಬ್ಬರೂ ನಿವೃತ್ತರಾದ ಮೇಲೆ ಹಲಗೆಗೂ ನಿವೃತ್ತಿ ಸಿಕ್ಕಿತ್ತು. ಅಷ್ಟು ವರ್ಷ ಕೂಡಿಟ್ಟ ಮಾತನ್ನೆಲ್ಲ ಇಬ್ಬರೂ ಬೆಳಗಿನಿಂದ ಸಂಜೆಯವರೆಗೆ ಆಡುತ್ತಿದ್ದರು. ನಾನು ಶಾಲೆಯಿಂದ ಬಂದು ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು, ಅಷ್ಟು ಮಾತು. ಆಮೇಲೆ ಬಂತು ಡಬ್ಬಗಳ ದಿನ.

ಅಮ್ಮ ಹಳೆಯ ಗೆಳತಿಯನ್ನು ನೋಡಲು ಹೋಗಿದ್ದಳು. ವಾಪಸು ಬರುವಷ್ಟರಲ್ಲಿ ಅಪ್ಪ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ಒಂದೊಂದರ ಮೇಲೂ ಹೆಸರು ಬರೆದಿದ್ದರು. ಸಕ್ಕರೆ. ಉಪ್ಪು. ಅಕ್ಕಿ. ಚಹಾಪುಡಿ. ಕೆಂಪು ಅಕ್ಷರ, ಹಳದಿ ನೆರಳು, ಡಬ್ಬ ಎಷ್ಟು ಎತ್ತರವೋ ಅಕ್ಷರ ಅಷ್ಟೇ ಎತ್ತರ. ಅಮ್ಮ ಬಾಗಿಲಲ್ಲೇ ನಿಂತು ನೋಡಿದಳು. ನೋಡಿ, "ನನ್ನ ಅಡುಗೆಮನೆ ಏನು ಬಸ್‌ಸ್ಟ್ಯಾಂಡಾ? ನಿಮ್ಮನ್ನ ಬರೀರಿ ಅಂತ ಕೇಳಿದ್ಯಾರು?" ಎಂದಳು.

ಜೀವಮಾನವಿಡೀ ಕೇಳಿದವರಿಗೆ ಮಾತ್ರ ಬರೆದುಕೊಟ್ಟ ಮನುಷ್ಯ, ಮೊದಲ ಸಲ ಯಾರೂ ಕೇಳದೆ ಬರೆದಿದ್ದರು. ಕುಂಚವನ್ನು ಸೀಮೆಎಣ್ಣೆಯಲ್ಲಿ ಅದ್ದಿಟ್ಟು, ಬಾಯಿಗೆ ಬೀಗ ಹಾಕಿಕೊಂಡರು. ಅಮ್ಮನೂ ಹಾಕಿಕೊಂಡಳು. ಎರಡು ಬೀಗ, ಒಂದಕ್ಕೂ ಕೀಲಿಕೈ ಇಲ್ಲ. ಮಾರನೆಯ ದಿನ ಹಲಗೆಯ ಮೇಲೆ ಸೀಮೆಸುಣ್ಣ ಮತ್ತೆ ಓಡಾಡತೊಡಗಿತು. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡೆ. ಅಪ್ಪನಿಗೆ ಹೇಳಹೋದರೆ "ನೀನು ನಡುವೆ ಬರಬೇಡ" ಎನ್ನುತ್ತಾರೆ. ಅಮ್ಮನಿಗೆ ಹೇಳಹೋದರೆ ಅವಳೂ ಅದನ್ನೇ ಅನ್ನುತ್ತಾಳೆ. ಆ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಮ್ಮತ.

ಈಗ ಈ ಬಸ್ಸು, ಈ ಭಾನುವಾರ. ಚಿಕ್ಕಪ್ಪ ಒಳ್ಳೆಯವರೇ, ಅವರ ಮನೆಯಲ್ಲಿ ಖಾಲಿ ಕೋಣೆಯೂ ಇದೆ, ಚದುರಂಗದ ಮಣೆಯೂ ಇದೆ. ಆದರೆ ಅಪ್ಪ ಇಲ್ಲದ ಮನೆ ನನಗೆ ಬೇಡ. ಕೆಮ್ಮಿನಿಂದ ಶುರುವಾಗಿ ಶಿಳ್ಳೆಯಲ್ಲಿ ಮುಗಿಯುವ ಅವರ ಬೆಳಗು ಇಲ್ಲದೆ ನನಗೆ ಏಳಲಿಕ್ಕೇ ಬರುವುದಿಲ್ಲ. ಅವರನ್ನು ತಡೆಯುವುದು ಹೇಗೆ ಎಂದು ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡು, ಅದೇ ಕೆಟ್ಟ ತಲೆಯೊಂದಿಗೆ ನಾಲ್ಕನೇ ತರಗತಿಗೆ ಪಾಠ ಮಾಡಲು ಹೋದೆ.

ಅಲ್ಲಿ ಬೇರೆ ತಲೆನೋವು ಕಾದಿತ್ತು. ಪಾಠದ ಹೆಸರು "ಬರೆದವರ ಉದ್ದೇಶ." ಯಾರೇ ಏನೇ ಬರೆದರೂ ಒಂದು ಕಾರಣಕ್ಕೆ ಬರೆಯುತ್ತಾರೆ, ಆ ಕಾರಣವನ್ನು ಓದುವವರು ಹುಡುಕಬೇಕು ಎಂಬುದು ಅದರ ತಿರುಳು. ಪುಸ್ತಕದಲ್ಲಿ ಮೂರು ಬಣ್ಣದ ಚೌಕಗಳಿದ್ದವು: ತಿಳಿಸಲು, ಒಪ್ಪಿಸಲು, ನಗಿಸಲು. ಇರುವೆಗಳ ಬಗ್ಗೆ ಒಂದು ಬರಹ ಓದಿಸಿದೆ. ಯಾಕೆ ಬರೆದಿದ್ದಾರೆ ಎಂದು ಕೇಳಿದೆ. "ತಿಳಿಸಲು" ಎಂದು ಇಡೀ ತರಗತಿ ರಾಗ ಎಳೆಯಿತು. ಖುಷಿಯಾಯಿತು. ಹಲ್ಲುಪುಡಿಯ ಜಾಹೀರಾತು ಓದಿಸಿದೆ. "ತಿಳಿಸಲು." ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಕೆಯ ಕಥೆ ಓದಿಸಿದೆ. "ತಿಳಿಸಲು." ನಾನು ದೊಡ್ಡ ಕಣ್ಣು ಬಿಟ್ಟ ಕೂಡಲೇ ಎಲ್ಲರೂ "ನಗಿಸಲು" ಎಂದು ಪಕ್ಷಾಂತರ ಮಾಡಿದರು, ಇರುವೆಗಳಿಗೂ ಸೇರಿಸಿ. ಬರೆಯಲು ಕೊಟ್ಟರೆ ಒಬ್ಬ, "ಬರೆದವರಿಗೆ ಅವತ್ತು ರಜೆ ಇತ್ತು" ಎಂದು ಬರೆದಿದ್ದ.

ಮೊದಲ ಬೆಂಚಿನಲ್ಲಿ ಒಬ್ಬಳಿದ್ದಾಳೆ. ಎಲ್ಲದಕ್ಕೂ ತಕರಾರು, ಎಲ್ಲರ ಪರವಾಗಿಯೂ ವಾದ. ಅವಳನ್ನು ಎಲ್ಲರೂ ವಕೀಲಮ್ಮ ಎನ್ನುತ್ತಾರೆ. ಅವಳು ಎದ್ದು ನಿಂತು, "ಬರೆದೋರು ಎಲ್ಲೋ ಇದಾರೆ ಮಿಸ್. ಅವರನ್ನ ಕೇಳೋದು ಬಿಟ್ಟು ನಮ್ಮನ್ನ ಯಾಕೆ ಕೇಳ್ತೀರಾ?" ಎಂದಳು.

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ. ನಡುವೆ ಒಂದು ಸೀಮೆಸುಣ್ಣ ಮುರಿಯುತ್ತದೆ, ಅಷ್ಟೆ. ಅವತ್ತೂ ಮುರಿಯಿತು. ಪುಸ್ತಕ ಮುಚ್ಚಿಟ್ಟು, ಬೆಳಿಗ್ಗೆಯಿಂದ ತಲೆಯಲ್ಲಿ ಕೊರೆಯುತ್ತಿದ್ದುದನ್ನು ಹಾಗೇ ಬೋರ್ಡಿನ ಮೇಲೆ ಇಳಿಸಿದೆ. ಭಾನುವಾರದ ಬಸ್ಸು, ತಮ್ಮನ ಮನೆ, ಸ್ವೆಟರ್. ಕೆಳಗೆ, ಒಗೆದಿದೆ, ಒಣಗಿಲ್ಲ. ಒಂದು ಮನೆಯಲ್ಲಿ ಒಬ್ಬ ಅಜ್ಜ, ಒಬ್ಬ ಅಜ್ಜಿ ಮಾತು ಬಿಟ್ಟು ಹೀಗೆ ಬರೆದುಕೊಳ್ಳುತ್ತಾರೆ, ಇದನ್ನು ಯಾಕೆ ಬರೆದರು ಹೇಳಿ ಎಂದೆ.

ಆ ಕ್ಷಣ ತರಗತಿಗೆ ಏನಾಯಿತೋ. ಪೆನ್ಸಿಲ್ ಕಚ್ಚುತ್ತಿದ್ದವರು ಬಿಟ್ಟರು. ಹಿಂದಿನ ಬೆಂಚಿನವರು ಎದ್ದು ಮುಂದೆ ಬಂದರು. ಜಗಳ ಯಾತಕ್ಕೆ, ಯಾರದು ತಪ್ಪು, ಅಜ್ಜನ ಹತ್ತಿರ ಟಿಕೆಟ್ಟು ಇದೆಯಾ ಎಂದು ನನ್ನನ್ನು ಮುತ್ತಿದರು. ಕೊನೆಗೆ ವಕೀಲಮ್ಮ ತೀರ್ಪು ಕೊಟ್ಟಳು: ಅಜ್ಜ ಬರೆದದ್ದು ತಿಳಿಸಲು, ಅಜ್ಜಿ ಬರೆದದ್ದೂ ತಿಳಿಸಲು. ಇಬ್ಬರದೂ ಮಾಹಿತಿ. ನನಗೂ ಹಾಗೇ ಅನ್ನಿಸಿತ್ತು.

ಮಂಗಳವಾರ ನಾನು ತರಗತಿಗೆ ಕಾಲಿಡುವ ಮೊದಲೇ ಬೋರ್ಡು ಒರೆಸಿ ಇಟ್ಟಿದ್ದರು. ಇವತ್ತು ಏನು ಬರೆದರು ಮಿಸ್? ಅಪ್ಪ ಬರೆದಿದ್ದರು: "ಭಾನುವಾರ ಹೊರಡುವುದು ಖಚಿತ." ಅಮ್ಮ ಬರೆದಿದ್ದಳು: "ಸ್ವೆಟರ್ ಇನ್ನೂ ಒದ್ದೆ." ಬುಧವಾರ ಅಪ್ಪ: "ಭಾನುವಾರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದೆ." ಅಮ್ಮ: "ಮೈ ಒಣಗಿದೆ. ತೋಳು ಒಣಗಿಲ್ಲ." ಜ್ವರ ಎಂದು ರಜೆ ಹಾಕಿದ್ದ ಹುಡುಗ ಮಫ್ಲರ್ ಸುತ್ತಿಕೊಂಡು ಬಂದು ಕೂತ. ನಮ್ಮ ದೊಡ್ಡ ಮೇಡಂ, ಗಲಾಟೆ ಯಾಕೆ ಎಂದು ಕೇಳಲು ಬಂದವರು, ಬೋರ್ಡು ಓದಿ ಅಲ್ಲೇ ನಿಂತರು. ಆಮೇಲೆ ದಿನಾ ಅದೇ ಹೊತ್ತಿಗೆ ಅವರಿಗೆ ನಮ್ಮ ತರಗತಿಯಿಂದಲೇ ಸೀಮೆಸುಣ್ಣ ಬೇಕಾಗತೊಡಗಿತು. ಆ ವಾರ ಅವರು ಒಯ್ದ ಸೀಮೆಸುಣ್ಣದಲ್ಲಿ ಒಂದು ಗೋಡೆಗೆ ಸುಣ್ಣ ಹೊಡೆಯಬಹುದಿತ್ತು.

ಬುಧವಾರವೇ ವಕೀಲಮ್ಮ ತನ್ನ ತೀರ್ಪನ್ನು ತಾನೇ ತಳ್ಳಿಹಾಕಿದಳು. ಮನೆಯಲ್ಲಿ ಅವಳ ಅಣ್ಣ ಸಿಟ್ಟು ಬಂದಾಗಲೆಲ್ಲ ಮನೆ ಬಿಟ್ಟು ಹೋಗುತ್ತೇನೆ ಎನ್ನುತ್ತಾನಂತೆ, ಊಟಕ್ಕೆ ಕರೆಯುವವರೆಗೂ ಅನ್ನುತ್ತಲೇ ಇರುತ್ತಾನಂತೆ.

"ಹೋಗೋರು ಹೋಗ್ತಾರೆ ಮಿಸ್. ಒಂದು ಸಲ ಹೇಳಿದ್ರೆ ಅದು ತಿಳಿಸೋದು. ದಿನಾ ಹೇಳಿದ್ರೆ ಅದು ಕೇಳೋದು."

"ಏನನ್ನ ಕೇಳೋದು?" ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

"ಹೋಗಬೇಡಿ ಅಂತ ಅನ್ನು, ಅಂತ."

ಬಾಗಿಲಲ್ಲಿ ದೊಡ್ಡ ಮೇಡಂ ಕೈಯಿಂದ ಸೀಮೆಸುಣ್ಣದ ಡಬ್ಬಿ ಬಿತ್ತು. ಮಕ್ಕಳು ಪುಸ್ತಕದ ಮೂರು ಚೌಕಗಳ ಪಕ್ಕ ಪೆನ್ಸಿಲಿನಲ್ಲಿ ನಾಲ್ಕನೇ ಚೌಕ ಎಳೆದು "ಕೇಳಲು" ಎಂದು ಬರೆದುಕೊಂಡರು. ನನಗೆ ಕುಣಿಯಬೇಕು ಎನ್ನಿಸಿತು. ಮೇಡಂ ಇದ್ದುದರಿಂದ ಬೋರ್ಡು ಒರೆಸಿದೆ.

ಹಾಗಾದರೆ ಅಜ್ಜಿ? ಅಜ್ಜ ಅಷ್ಟು ಕೇಳುತ್ತಿದ್ದರೂ ಅಜ್ಜಿ ಸ್ವೆಟರ್ ಸುದ್ದಿ ಹೇಳುತ್ತಾ ಕೂತಿದ್ದಾಳಲ್ಲ, ಅವಳಿಗೆ ಕಲ್ಲು ಮನಸ್ಸೇ ಎಂದು ಹುಡುಗರ ಕಡೆಯವರು ಗಲಾಟೆ ಎಬ್ಬಿಸಿದರು. ಆಗ ಕಿಟಕಿ ಪಕ್ಕದಿಂದ ಸೋಡಾಬುಡ್ಡಿ ಕೈ ಎತ್ತಿದ. ದಪ್ಪ ಗಾಜಿನ ಕನ್ನಡಕದ ಹುಡುಗ. ಆ ಅಡ್ಡಹೆಸರು ಬೇರೆಯವರು ಇಡುವ ಮೊದಲೇ ತಾನೇ ಇಟ್ಟುಕೊಂಡವನು. ಇಷ್ಟು ಬಿಸಿಲಲ್ಲಿ ಒಂದು ಸ್ವೆಟರ್ ಒಣಗಲು ಎಷ್ಟು ದಿನ ಬೇಕು ಎಂಬುದು ಅವನ ಪ್ರಶ್ನೆ. ಗೊತ್ತಿಲ್ಲದಿದ್ದರೆ ಮಾಡಿ ನೋಡಬೇಕು ಎಂದು ನಾನೇ ಕಲಿಸಿದ್ದೆ, ಮಾಡಿದ್ದುಣ್ಣು ಎಂದುಕೊಂಡೆ. ಗುರುವಾರ ಬೆಳಿಗ್ಗೆ ಯಾರೋ ಮನೆಯಿಂದ ದಪ್ಪನೆಯ ಟವೆಲ್ ತಂದರು. ನಲ್ಲಿಯಡಿ ನೆನೆಸಿ, ನಾಲ್ಕು ಜನ ಹಿಡಿದು ಹಿಂಡಿ, ಕಿಟಕಿಯ ಸರಳಿಗೆ ಹರಡಿದರು. ಹಿಂಡುವಾಗ ತಾವೂ ನೆನೆದರು. ಗಣಿತದ ಹೊತ್ತಿನಲ್ಲೆಲ್ಲ ಒಬ್ಬೊಬ್ಬರಾಗಿ ಎದ್ದು ಹೋಗಿ ಟವೆಲಿಗೆ ಕೆನ್ನೆ ಒತ್ತಿ ಬಂದು ವರದಿ ಒಪ್ಪಿಸಿದರು. ಊಟದ ಗಂಟೆ ಹೊಡೆಯುವಾಗ ಟವೆಲ್ ಹಪ್ಪಳದ ಹಾಗೆ ಗರಿಗರಿ.

ಅವತ್ತು ನಾನು ಮನೆಗೆ ಓಡಿದೆ. ಗೇಟಿನಿಂದಲ್ಲ, ಪಕ್ಕದ ಓಣಿಯಿಂದ, ಕಳ್ಳಬೆಕ್ಕಿನಂತೆ. ಹಿತ್ತಲಲ್ಲಿ ಅಮ್ಮ ಆ ಕಡೆ ಈ ಕಡೆ ನೋಡಿ, ಹಗ್ಗದಿಂದ ಸ್ವೆಟರ್ ತೆಗೆದಳು. ಅವಳೇ ರಾತ್ರಿ ಪಾಳಿಯಲ್ಲಿ ಕೂತು ಹೆಣೆದ ಕಂದು ಬಣ್ಣದ ಸ್ವೆಟರ್. ಕೈಯಲ್ಲಿ ಸವರಿ ನೋಡಿದಳು. ಒಣಗಿತ್ತು. ಬಕೆಟ್ಟಿನಲ್ಲಿ ಮುಳುಗಿಸಿ, ಮೆಲ್ಲಗೆ ಹಿಂಡಿ, ಮತ್ತೆ ಹಗ್ಗಕ್ಕೆ ಹಾಕಿದಳು. ಮಗುವಿಗೆ ಸ್ನಾನ ಮಾಡಿಸಿದಷ್ಟು ನಯವಾಗಿ. ನಾನು ಗೋಡೆಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು, ಅದು ಯಾವ ನೀರು ಎಂದು ನೋಡಲು ಹೋಗಲಿಲ್ಲ.

ಆಮೇಲೆ ಅಪ್ಪನನ್ನು ಗಮನಿಸಿದೆ. ಹಿತ್ತಲಿನ ಶೆಡ್ಡಿನಲ್ಲಿ ಅವರ ಬಣ್ಣದ ಸಾಮಾನು ಇದೆ. ಅಲ್ಲಿಗೆ ಹೋಗುವ ಹತ್ತಿರದ ದಾರಿ ಹಗ್ಗದ ಕೆಳಗೇ. ಅಪ್ಪ ಮಾತ್ರ ಬಾವಿಕಟ್ಟೆ ಸುತ್ತಿ, ನಿಂಬೆಗಿಡದ ಮುಳ್ಳು ಚುಚ್ಚಿಸಿಕೊಂಡು, ಬಳಸಿ ಹೋಗುತ್ತಿದ್ದರು. ಸ್ವೆಟರಿಗೆ ಕೈ ತಾಗಿಬಿಟ್ಟರೆ ಅದು ಒಣಗಿದೆಯೋ ಇಲ್ಲವೋ ಗೊತ್ತಾಗಿಬಿಡುತ್ತದಲ್ಲ. ಒಬ್ಬರು ಒದ್ದೆ ಮಾಡುವುದು, ಇನ್ನೊಬ್ಬರು ಮುಟ್ಟಿ ನೋಡದಿರುವುದು. ಎಂಥ ಜೋಡಿಗೆ ಹುಟ್ಟಿದೆನಪ್ಪಾ ಎಂದು ತಲೆ ಚಚ್ಚಿಕೊಂಡೆ.

ಶುಕ್ರವಾರ ಇದನ್ನೆಲ್ಲ ಕೇಳಿ ಮಕ್ಕಳು ಬೆಂಚು ಬಡಿದು ಸಂಭ್ರಮಿಸಿದರು. ವಕೀಲಮ್ಮ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು. ಮಿಸ್, ಇದು ನಿಮ್ಮ ಮನೆ ಅಲ್ವಾ ಎಂದಳು. ಹೇಗೆ ಗೊತ್ತಾಯಿತು ಎಂದರೆ, ಬೇರೆಯವರ ಮನೆ ಸುದ್ದಿಯಾದರೆ ನೀವು ಅಷ್ಟು ಸೀಮೆಸುಣ್ಣ ಮುರಿಯುವುದಿಲ್ಲ ಎಂದಳು. ಬಾಗಿಲಲ್ಲಿದ್ದ ದೊಡ್ಡ ಮೇಡಂ, ತಮಗಂತೂ ಮೊದಲ ದಿನವೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು. ಅವರಿಗೂ ಗೊತ್ತಿರಲಿಲ್ಲ ಎಂಬುದು ನನಗೆ ಗೊತ್ತು.

ಸಿಕ್ಕಿಬಿದ್ದ ಮೇಲೆ ಮುಚ್ಚಿಡುವುದೇನು? ಜಗಳದ ಮೂಲವನ್ನೇ ನೋಡಬೇಕು ಎಂದು ಮಕ್ಕಳು ಹಟ ಹಿಡಿದಿದ್ದರಿಂದ ಅವತ್ತು ಖಾಲಿಯಾಗುತ್ತಾ ಬಂದಿದ್ದ ಸಕ್ಕರೆ ಡಬ್ಬವನ್ನು ಚೀಲದಲ್ಲಿ ತಂದಿದ್ದೆ. ಮೇಜಿನ ಮೇಲಿಟ್ಟೆ. ಎಷ್ಟು ಚೆನ್ನಾಗಿದೆ ಎಂದರು ಕೆಲವರು. ಅಜ್ಜ ತಮ್ಮ ಕೈಚಳಕ ತೋರಿಸಲು ಬರೆದಿದ್ದಾರೆ, ಅದಕ್ಕೇ ಅಜ್ಜಿಗೆ ಕೋಪ ಎಂದರು ಇನ್ನು ಕೆಲವರು. ನಾನೂ ಅಷ್ಟು ದಿನ ಅದನ್ನೇ ನಂಬಿದ್ದೆ. ಸೋಡಾಬುಡ್ಡಿ ಕನ್ನಡಕ ತೆಗೆದು ಡಬ್ಬದ ಕಡೆ ನೋಡಿದ. ಮೂರು ಬೆಂಚು ಹಿಂದೆ ಹೋಗಿ ಅಲ್ಲಿಂದಲೂ ನೋಡಿದ.

"ಕನ್ನಡಕ ಇಲ್ದೇನೇ ಕಾಣುತ್ತೆ ಮಿಸ್. ಇಷ್ಟು ದೊಡ್ಡದಾಗಿ ನನ್ನಂಥೋರಿಗೇ ಬರೆಯೋದು. ನಿಮ್ಮ ಅಮ್ಮಂಗೆ ಕಣ್ಣು ಕಾಣಲ್ವಾ?"

ನಾನು ಕುರ್ಚಿಯಲ್ಲಿ ಕೂತುಬಿಟ್ಟೆ. ತಿಂಗಳ ಹಿಂದೆ ಚಹಾಕ್ಕೆ ಉಪ್ಪು ಬಿದ್ದಿತ್ತು. ನಾವು ತಮಾಷೆ ಮಾಡಿದ್ದೆವು. ಅಪ್ಪ ಒಬ್ಬರು ಮಾತ್ರ ನಗದೆ ಅದನ್ನು ಪೂರ್ತಿ ಕುಡಿದಿದ್ದರು. ಸೂಜಿಗೆ ದಾರ ಪೋಣಿಸಿಕೊಡು ಎಂದು ಅಮ್ಮ ಈಚೆಗೆ ನನ್ನನ್ನು ಕರೆಯುತ್ತಿದ್ದಳು. ಪೇಪರನ್ನು ಮೂಗಿಗೆ ತಾಗಿಸಿ ಓದುತ್ತಿದ್ದಳು. ಎಲ್ಲ ಕಣ್ಣೆದುರೇ ಇತ್ತು, ಅಪ್ಪ ಓದಿದರು, ನಾನು ಓದಲಿಲ್ಲ. ಕತ್ತಲ ವಾರ್ಡಿನಲ್ಲಿ ಥರ್ಮಾಮೀಟರಿನ ಕೂದಲೆಳೆಯಂಥ ಗೆರೆ ಓದುತ್ತಿದ್ದವಳಿಗೆ, ನಿನ್ನ ಕಣ್ಣು ಮಂಜಾಗಿದೆ ಎಂದು ಯಾರಾದರೂ ಕೆಂಪು ಬಣ್ಣದಲ್ಲಿ, ಹಳದಿ ನೆರಳು ಕೊಟ್ಟು ಹೇಳಿದರೆ ಹೇಗಿರುತ್ತದೆ? ಕೋಪ ಅಕ್ಷರದ ಮೇಲಲ್ಲ. ಅದು ನಿಜ ಹೇಳಿದ್ದರ ಮೇಲೆ.

ಇನ್ನು ನಾವು ಸುಮ್ಮನೆ ಕೂರುವಂತಿಲ್ಲ ಎಂದು ನಾಲ್ಕನೇ ತರಗತಿ ತೀರ್ಮಾನಿಸಿತು. ಇಷ್ಟು ದಿನ ಬೇರೆಯವರ ಉದ್ದೇಶ ಹುಡುಕಿದ್ದಾಯಿತು, ಈಗ ನಾವೇ ಒಂದು ಉದ್ದೇಶ ಇಟ್ಟುಕೊಂಡು ಬರೆಯೋಣ, ಆ ಇಬ್ಬರೂ ಒಂದೇ ಕಡೆ ಬಂದು ನಿಲ್ಲುವಂತೆ ಬರೆಯೋಣ ಎಂದರು. ಹತ್ತಾರು ಸಾಲು ಬರೆದು ಹೊಡೆದುಹಾಕಿದರು. ದಯವಿಟ್ಟು ಜಗಳ ಬಿಡಿ ಎಂಬುದನ್ನು ವಕೀಲಮ್ಮ ಒಪ್ಪಲಿಲ್ಲ. ದೊಡ್ಡವರು ಅಂಥದ್ದನ್ನು ಓದಿ ಮಡಚಿಡುತ್ತಾರಂತೆ. ಗಂಟೆ ಹೊಡೆದು ನಾನು ಚೀಲ ಎತ್ತಿಕೊಂಡರೆ ಚೀಲ ಹಗುರ. ಡಬ್ಬ ಮಾಯ. ಕೈಗೆ ಒಂದು ಚೀಟಿ ಬಂತು, ಇದನ್ನು ಮನೆಯ ಹಲಗೆಯ ಮೇಲೆ ಬರೆಯಬೇಕು ಎಂಬ ಅಪ್ಪಣೆಯೊಂದಿಗೆ.

ಸಂಜೆ ಬರೆದೆ, ದೊಡ್ಡ ಅಕ್ಷರದಲ್ಲಿ: "ನಿಮ್ಮ ಸಕ್ಕರೆ ಡಬ್ಬ ನಾಲ್ಕನೇ ತರಗತಿಯಲ್ಲಿದೆ. ನಾಳೆ ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಕೊಡುತ್ತೇವೆ."

ಬೆಳಿಗ್ಗೆ ಇಬ್ಬರೂ ಸಕ್ಕರೆ ಇಲ್ಲದ ಚಹಾ ಕುಡಿದು ಮುಖ ಸಿಂಡರಿಸಿದರು. ನಮ್ಮ ಮನೆ ಎದುರೇ ಅಂಗಡಿ ಇದೆ, ಸಕ್ಕರೆ ಅಲ್ಲಿ ಮೂಟೆಗಟ್ಟಲೆ ಸಿಗುತ್ತದೆ. ಆದರೂ ಶನಿವಾರ ಎರಡನೇ ಪಾಠದ ಹೊತ್ತಿಗೆ ನಮ್ಮ ಶಾಲೆಯ ಬೀದಿಯಲ್ಲಿ ಅಪ್ಪ ಎಡಬದಿಗೆ, ಅಮ್ಮ ಬಲಬದಿಗೆ, ನಡುವೆ ಇಡೀ ರಸ್ತೆ ಬಿಟ್ಟುಕೊಂಡು, ಹೆಜ್ಜೆ ಮಾತ್ರ ಸರಿಸಮ ಇಟ್ಟುಕೊಂಡು ಬರುತ್ತಿದ್ದರು. ಕಿಟಕಿಗೆ ಜೋತುಬಿದ್ದ ಮಕ್ಕಳು ದುಡುದುಡು ಇಳಿದು ಕೈಕಟ್ಟಿ ಕೂತರು. ದೊಡ್ಡ ಮೇಡಂ ಖುದ್ದಾಗಿ ಎರಡು ಕುರ್ಚಿ ತಂದು ಅಕ್ಕಪಕ್ಕ ಇಟ್ಟರು.

ಬೋರ್ಡಿನ ಮೇಲೆ ವಾರದ ಎಲ್ಲ ಸಾಲುಗಳೂ ಇದ್ದವು. ಅಪ್ಪ ಓದಿದರು. ಅವರು ಬೋರ್ಡಿನ ಹತ್ತಿರ ಹೋಗಿ, ಕರವಸ್ತ್ರ ತೆಗೆದು, ನಾನು ಬರೆದ "ಭ" ಒರೆಸಿ ಅದನ್ನು ಸರಿಯಾಗಿ ಬರೆದು ಬಂದು ಕೂತರು. ಅಮ್ಮ ಬೋರ್ಡಿನ ಕಡೆ ಮುಖ ಮಾಡಿ ಕಣ್ಣು ಕಿರಿದು ಮಾಡಿದಳು, ಆಮೇಲೆ ಓದಿದವಳ ಹಾಗೆ ತಲೆಯಾಡಿಸಿದಳು. ಅವಳಿಗೆ ಅದು ಕಾಣಲಿಲ್ಲ ಎಂಬುದು ಈ ಸಲ ನನಗೆ ಗೊತ್ತಾಯಿತು.

ವಕೀಲಮ್ಮ ಎದ್ದಳು. ಅಜ್ಜ, ನೀವು ಇದನ್ನ ಯಾಕೆ ಬರೆದಿರಿ ಎಂದು ಕೇಳಿದಳು. ಅಪ್ಪ ಗಂಟಲು ಸರಿಮಾಡಿಕೊಂಡು, ತಿಳಿಸಲು ಎಂದರು. ಇಡೀ ತರಗತಿ ಒಂದೇ ಉಸಿರಿಗೆ ತಪ್ಪು ಎಂದಿತು. ಸ್ವಂತ ಬರಹಕ್ಕೆ ಸೊನ್ನೆ ತೆಗೆದುಕೊಂಡ ಅಪ್ಪ ಚಾವಣಿ ನೋಡಿದರು. ಅವಳು ಅಮ್ಮನ ಕಡೆ ತಿರುಗಿ, ಸಾಕ್ಷಿಗೆಂದು ಟವೆಲನ್ನು ಎತ್ತಿ ಹಿಡಿದಳು. ಇದು ಊಟದ ಗಂಟೆಗೆ ಒಣಗಿತು, ನಿಮ್ಮ ಸ್ವೆಟರ್ ಯಾಕೆ ವಾರವಾದರೂ ಒಣಗಿಲ್ಲ ಎಂದಳು. ನಾನು ಬೇಡ ಬೇಡ ಎಂದು ಕಣ್ಸನ್ನೆ ಮಾಡುವಷ್ಟರಲ್ಲಿ ಮಾತು ಆಗಿಹೋಗಿತ್ತು. ಅಮ್ಮನ ಮುಖ ಕೆಂಪಾಯಿತು. ಅಪ್ಪ ಚಾವಣಿಯಿಂದ ಕಣ್ಣು ಕೆಳಗಿಳಿಸಲೇ ಇಲ್ಲ.

ಆಗ ಸೋಡಾಬುಡ್ಡಿ ಡಬ್ಬ ತಂದು ಅಮ್ಮನ ಮಡಿಲಲ್ಲಿಟ್ಟ. ಹೆಸರು ಅವಳ ಕಡೆಗೆ ಬರುವಂತೆ ತಿರುಗಿಸಿದ.

"ಅಜ್ಜಿ, ಇದು ಕಾಣುತ್ತಾ?"

ಅಮ್ಮ ಅಕ್ಷರದ ಮೇಲೆ ಬೆರಳಾಡಿಸಿದಳು. ಅವನ ಕನ್ನಡಕ ನೋಡಿದಳು. ಸುಳ್ಳು ಹೇಳಲು ಅಲ್ಲಿ ಜಾಗವಿರಲಿಲ್ಲ.

"ಕಾಣುತ್ತೆ ಕಂದಾ. ಮನೇಲಿ ಸರಿಯಾಗಿ ಕಾಣೋದು ಇದೊಂದೇ."

ಅಪ್ಪ ಎದ್ದು ಹೊರಗೆ ಹೋದರು. ಅಮ್ಮ ಡಬ್ಬ ಅವುಚಿಕೊಂಡು ಹಿಂದೆ ಹೋದಳು. ಎಡಬದಿಗೆ ಒಬ್ಬರು, ಬಲಬದಿಗೆ ಒಬ್ಬರು. ಮಕ್ಕಳು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

ಮಧ್ಯಾಹ್ನ ಮನೆಗೆ ಬಂದಾಗ ಹಲಗೆಯ ಮೇಲೆ ಅಮ್ಮ ಬರೆದಿದ್ದಳು: "ಸ್ವೆಟರ್ ಒಣಗಿದೆ."

ಅಷ್ಟೇ. ಗುಟ್ಟು ಬಯಲಾದ ಮೇಲೆ ಅವಳು ಇನ್ನು ಬಕೆಟ್ಟಿನ ಹತ್ತಿರ ಹೋಗುವವಳಲ್ಲ. ಅಷ್ಟು ಅಭಿಮಾನದ ಹೆಂಗಸು. ಉಪಾಯದಿಂದ ಯಾರನ್ನೂ ಹಿಡಿದಿಡುವುದಿಲ್ಲ, ಹೋಗುವವರು ಹೋಗಬಹುದು ಎಂದು ಬರೆದಂತಿತ್ತು ಅದು. ಇಡೀ ವಾರ ಅಪ್ಪನನ್ನು ಈ ಮನೆಗೆ ಕಟ್ಟಿಹಾಕಿದ್ದು ಒಂದು ಒದ್ದೆ ಸ್ವೆಟರ್, ಅದನ್ನೂ ನನ್ನ ಪಾಠ ಒಣಗಿಸಿಬಿಟ್ಟಿತು. ಅಪ್ಪ ಬಂದು ಓದಿದರು, ಸೀಮೆಸುಣ್ಣ ಎತ್ತಿಕೊಂಡರು, ಏನೂ ಬರೆಯದೆ ಇಟ್ಟರು. ಅವರ ಕೋಣೆಯಿಂದ ಚೀಲದ ಜಿಪ್ ಎಳೆಯುವ ಸದ್ದು ಬಂತು. ಎಳೆದರು, ಬಿಚ್ಚಿದರು, ಮತ್ತೆ ಎಳೆದರು. ನಾನು ಅಪ್ಪನ ಪಕ್ಕ ಹೋಗಿ, ಹೋಗಬೇಡಿ ಅಪ್ಪಾ ಎಂದೆ. ಅವರು ನನ್ನ ತಲೆ ಸವರಿ, ಮತ್ತೆ ಜಿಪ್ಪಿಗೆ ಕೈ ಹಾಕಿದರು. ಆ ಮಾತನ್ನು ಅವರು ಕೇಳಬೇಕಾದದ್ದು ನನ್ನ ಬಾಯಿಂದಲ್ಲ.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ಬಚ್ಚಲಿನ ಕಿಟಕಿಯಲ್ಲಿ ನಿಂತಿದ್ದೆ. ಬೀದಿಯ ಕೊನೆಯಲ್ಲಿ ಬಸ್ಸು ಬಂದು ನಿಂತು ಹಾರ್ನ್ ಹೊಡೆಯುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ಹಾಲು ಕಾಯಿಸುತ್ತಿದ್ದಳು. ಅಪ್ಪ ಹಿತ್ತಲಿಗೆ ಬಂದರು. ಗಡ್ಡ ಹೆರೆದು, ಬೂಟು ಹಾಕಿ, ಚೀಲವನ್ನು ಬಾಗಿಲಲ್ಲಿಟ್ಟು, ನಿಂಬೆಗಿಡ ಬಳಸದೆ ನೇರವಾಗಿ ಹಗ್ಗದ ಹತ್ತಿರ ನಡೆದರು. ಸ್ವೆಟರಿನ ತೋಳು ಮುಟ್ಟಿದರು. ಎದೆ ಭಾಗ ಮುಟ್ಟಿದರು. ಗರಿಗರಿ ಒಣಗಿತ್ತು, ನನಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು.

ಅಪ್ಪ ಆ ಕಡೆ ನೋಡಿದರು. ಈ ಕಡೆ ನೋಡಿದರು. ಬಕೆಟ್ಟಿನಿಂದ ಒಂದು ಚೊಂಬು ನೀರು ತುಂಬಿಕೊಂಡು, ಸ್ವೆಟರಿನ ಕುತ್ತಿಗೆಯಿಂದ ಸುರಿದರು. ಇನ್ನೊಂದು ಚೊಂಬು ಸುರಿದರು. ಬೂಟು ತೊಯ್ದುಹೋಯಿತು. ಮೂರನೆಯದಕ್ಕೆ ಬಗ್ಗಿದರು.

ಬಾಯಿ ತುಂಬ ನೊರೆ. ಈ ಸಲವೂ ನುಂಗಿದೆ.

ಅಮ್ಮನ ಕಣ್ಣು ಮಂಜಾಗಿತ್ತು, ಕಿವಿಗೇನಾಗಿರಲಿಲ್ಲ. ಅಡುಗೆಮನೆಯ ಕಿಟಕಿ ತೆರೆಯಿತು.

"ಅಷ್ಟೊಂದು ನೀರು ಹಾಕಬೇಡಿ. ಉಣ್ಣೆ ಹಾಳಾಗುತ್ತೆ."

ಅಪ್ಪ ಚೊಂಬು ಹಿಡಿದುಕೊಂಡೇ ನಿಂತರು. ಎಷ್ಟೋ ದಿನಗಳ ಮೇಲೆ ಕೇಳಿದ ದನಿ. ಅಷ್ಟು ಹತ್ತಿರದಿಂದ, ಅಷ್ಟು ಸ್ಪಷ್ಟವಾಗಿ ಕೇಳಿಸಿತ್ತು. ಬಚ್ಚಲಿನಲ್ಲಿದ್ದ ನನಗೇ ಕೇಳಿಸಿತ್ತು. ಆದರೂ ಅಪ್ಪ ಕಿವಿಗೆ ಕೈ ಅಡ್ಡ ಹಿಡಿದು ಕೇಳಿದರು.

"ಏನಂದೆ? ಇನ್ನೊಂದ್ಸಲ ಹೇಳು."

ಅಮ್ಮ ಇನ್ನೊಂದು ಸಲ ಹೇಳಿದಳು. ಬೀದಿಯ ಕೊನೆಯಲ್ಲಿ ಬಸ್ಸು ಹೊರಟ ಸದ್ದು ಬಂತು. ಅಪ್ಪ ಮತ್ತೆ, ಏನು, ಸರಿಯಾಗಿ ಕೇಳಿಸಲಿಲ್ಲ ಎಂದರು.